ಮೇಲಿನ ಹಾಸಿಗೆ

"ಗಂಡಸರದು ಕೆಳಗೆ, ಹೆಂಗಸರದು ಮೇಲೆ," ಎಂದು ಯಶೋದಾ ಎರಡು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟಾಗ ಹಾಲೇಶ ಹೆಲ್ಮೆಟ್ಟನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡ. ತಾನು ಕೇಳಿದ್ದು ಸರಿಯೇ ಎಂಬಂತೆ ಹೆಂಡತಿಯ ಮುಖ ನೋಡಿದ. ಕೋಮಲಾ ಸೆರಗಿನಿಂದ ಕತ್ತಿನ ಧೂಳು ಒರೆಸಿಕೊಳ್ಳುತ್ತಿದ್ದಳು.

"ಅಂದ್ರೆ ನಾವಿಬ್ರೂ ಬೇರೆ ಬೇರೆನಾ?"

"ಹಾಸ್ಟೆಲ್ ಅಲ್ವಾ ಅಣ್ಣ. ನೀವು ಬುಕ್ ಮಾಡಿರೋದು ಎರಡು ಬೆಡ್ಡು. ರೂಮಲ್ಲ."

"ನಾವು ಗಂಡ ಹೆಂಡ್ತಿ ಕಣಮ್ಮ."

"ನೋಡಿದ್ರೇ ಗೊತ್ತಾಗುತ್ತೆ ಬಿಡಿ." ಯಶೋದಾ ನಗು ತಡೆದುಕೊಂಡಳು. "ಇಲ್ಲಿ ರೂಮು ಅಂತ ಇರೋದೇ ಎರಡು. ಒಂದರಲ್ಲಿ ಜನ ಇದ್ದಾರೆ, ಇನ್ನೊಂದಕ್ಕೆ ಸಂಜೆ ಬರ್ತಾರೆ. ಅವರೇನಾದ್ರೂ ಬರ್ಲಿಲ್ಲ ಅಂದ್ರೆ ನಿಮಗೇ ಕೊಡ್ತೀನಿ."

ಲಿಂಗದಹಳ್ಳಿಯ ಆ ಕಟ್ಟಡ ಮೊದಲು ಕಲ್ಯಾಣ ಮಂಟಪವಾಗಿತ್ತು. ತರೀಕೆರೆಯಲ್ಲಿ ದೊಡ್ಡ ದೊಡ್ಡ ಮಂಟಪಗಳು ಎದ್ದ ಮೇಲೆ ಇಲ್ಲಿ ಮದುವೆ ಮಾಡುವವರು ಕಡಿಮೆಯಾದರು. ಬೆಟ್ಟ ಹತ್ತಲು ಬರುವ ಹುಡುಗ ಹುಡುಗಿಯರಿಗೆ ಆಗಲಿ ಎಂದು ಯಶೋದಾಳ ಮನೆಯವರು ಅದನ್ನು ಹಾಸ್ಟೆಲ್ ಮಾಡಿದರು. ಗಂಡಿನ ಕಡೆಯವರು ಇಳಿದುಕೊಳ್ಳುತ್ತಿದ್ದ ಕೋಣೆಯಲ್ಲಿ ಈಗ ಗಂಡಸರ ಮಂಚಗಳು, ಹೆಣ್ಣಿನ ಕಡೆಯವರ ಕೋಣೆಯಲ್ಲಿ ಹೆಂಗಸರ ಮಂಚಗಳು. ಮೇಲಿನ ಬಾಗಿಲಲ್ಲಿ 'ವಧುವಿನ ಕೊಠಡಿ' ಎಂಬ ಹಳೆಯ ಬರಹ ಬಣ್ಣದಡಿಯಿಂದ ಇನ್ನೂ ಇಣುಕುತ್ತಿತ್ತು.

"ತಾಳಿ ಕಟ್ಟೋಕೆ ಮುಂಚೆ ಹಿಂಗೇ ಬೇರೆ ಬೇರೆ ಕೂರ್ಸಿದ್ರು. ಈಗ್ಲೂ ಅದೇ ಗತಿ," ಎಂದು ಹಾಲೇಶ ಮೆಟ್ಟಿಲ ಬುಡದಲ್ಲಿ ನಿಂತು ಗೊಣಗಿದ. ಕೋಮಲಾ ಬ್ಯಾಗು ಹೊತ್ತು ಮೇಲೆ ಹೋದಳು.

ಹಾಲೇಶನಿಗೆ ಶಿವನಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಲೈನ್ ರಿಪೇರಿ ಎಂದು ಎರಡು ದಿನ ಕರೆಂಟು ತೆಗೆಯುತ್ತಾರೆಂದು ಗೊತ್ತಾದಾಗಲೇ ಅವನ ತಲೆಗೆ ಈ ಯೋಚನೆ ಬಂದದ್ದು. ಮಕ್ಕಳಿಬ್ಬರೂ ದಸರಾ ರಜಕ್ಕೆ ಸಿಂಗಟಗೆರೆಗೆ, ಕೋಮಲಾಳ ತವರಿಗೆ ಹೋಗಿದ್ದರು. "ಎಲ್ಲಾದ್ರೂ ಹೋಗೋಣ್ವಾ? ನಾವಿಬ್ರೇ?" ಎಂದು ಅವನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳನ್ನು ಕೇಳಿದ್ದು ಕದ್ದು ಮಾತಾಡುವವನ ಹಾಗೆ. ಆ ಮನೆಯಲ್ಲಿ ತಗ್ಗಿದ ದನಿಗೇ ಕಿವಿಗಳು ಹೆಚ್ಚು. ಅವನ ತಾಯಿ ತೀರ್ಥಮ್ಮ ಅಡುಗೆಮನೆಯೊಳಗಿಂದಲೇ, "ಹೋಗ್ ಬನ್ರೋ. ಚಿಕ್ಕೋನು, ಅವನ್ ಹೆಂಡ್ತಿ ಇಲ್ವಾ ಮನೇಲಿ? ನಾನೇನ್ ಎಳೇ ಮಗೂನಾ?" ಎಂದು ಕೂಗಿದ್ದಳು. ಹಾಲೇಶ ನಾಚಿಕೊಂಡು ಅಂಗಡಿಗೆ ಹೋಗಿಬಿಟ್ಟಿದ್ದ.

ಮದುವೆಯಾದ ಮೇಲೆ ಅವರಿಬ್ಬರೇ ಎಂದು ಎಲ್ಲಿಗೂ ಹೋದವರಲ್ಲ. ಮನೆಯಲ್ಲಿದ್ದ ಒಂದೇ ಕೋಣೆ ಮೈದುನನ ಹೊಸ ಸಂಸಾರಕ್ಕೆ ಹೋಗಿತ್ತು. ಮಿಕ್ಕವರೆಲ್ಲ ಮಲಗುವುದು ನಡುಮನೆಯಲ್ಲಿ. ಕೋಮಲಾಳ ಒಂದು ಮಗ್ಗುಲಿಗೆ ಮಗಳು, ಇನ್ನೊಂದು ಮಗ್ಗುಲಿಗೆ ಅತ್ತೆ, ಬಾಗಿಲ ಹತ್ತಿರ ಹಾಲೇಶ ಮತ್ತು ಮಗ. ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಕೈಗೆಟುಕುವ ಬೆಲೆಯದೊಂದು ಜಾಗ ಸಿಕ್ಕಾಗ ಹಾಲೇಶ ಫೋಟೋ ಮಾತ್ರ ನೋಡಿದ್ದ, ಬರೆದದ್ದನ್ನು ಓದಿರಲಿಲ್ಲ. ಬೆಳಿಗ್ಗೆ ಅಜ್ಜಂಪುರದ ದಾರಿಯಲ್ಲಿ ಬೈಕಿನ ಮೇಲೆ ಅವನು ಹಾಡು ಗುನುಗುತ್ತಲೇ ಬಂದಿದ್ದ.

ಕೋಮಲಾಳಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಎರಡಂತಸ್ತಿನ ಮಂಚದ ಮೇಲಿನ ಹಾಸಿಗೆ. ಸೀರೆ ಎತ್ತಿ ಕಟ್ಟಿಕೊಂಡು ಕಬ್ಬಿಣದ ಏಣಿ ಹತ್ತುವಾಗ ಬಿದ್ದರೇನು ಗತಿ ಎಂದು ನಗು ಬಂತು. ಮೇಲೆ ಹೋಗಿ ಕೂತ ಮೇಲೆ ನಗು ನಿಂತಿತು. ಒಗೆದ ಬಿಳಿ ಹಾಸು, ಒಂದು ದಿಂಬು, ತಲೆಯ ಹತ್ತಿರ ಪುಟ್ಟ ದೀಪ, ಅದಕ್ಕೊಂದು ಸ್ವಿಚ್ಚು. ಉದ್ದಕ್ಕೂ ನೀಲಿ ಪರದೆ. ಎಳೆದುಕೊಂಡಳು. ಕೋಣೆ ಮಾಯವಾಯಿತು. ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಯಾರೂ ಏನೂ ಅನ್ನಲಿಲ್ಲ.

"ಆಂಟಿ, ಹೊಸಬ್ರಾ?" ಕೆಳಗಿನ ಹಾಸಿಗೆಯಿಂದ ನಿದ್ದೆಗಣ್ಣಿನ ದನಿ ಬಂತು. ಕೋಮಲಾ ಬಗ್ಗಿ ನೋಡಿದಳು. ಕೆದರಿದ ಕೂದಲಿನ ಹುಡುಗಿಯೊಬ್ಬಳು ಹೊದಿಕೆ ಕತ್ತಿನವರೆಗೆ ಎಳೆದುಕೊಂಡಿದ್ದಳು. ಹೆಸರು ಭೂಮಿಕಾ, ಕಡೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು.

"ಬೆಟ್ಟ ಹತ್ತೋಕೆ ಬಂದ್ರಾ?" ಎಂದು ಕೋಮಲಾ ಕೇಳಿದಳು.

"ಅಯ್ಯೋ ಇಲ್ಲಾಂಟಿ. ಮಲಗೋಕೆ ಬತ್ತೀನಿ ನಾನು. ಆಫ್ ಸಿಕ್ಕಾಗೆಲ್ಲ ಬಸ್ ಹತ್ತಿ ಬಂದ್ಬಿಡ್ತೀನಿ. ಮನೇಲಿದ್ರೆ ಇದು ತಾ, ಅದು ಮಾಡು. ಆ ಬೆಟ್ಟ ಹೆಂಗಿದೆ ಅಂತ ಇನ್ನೂ ನೋಡಿಲ್ಲ."

"ನಿದ್ದೆ ಮಾಡೋಕೆ ದುಡ್ಡು ಕೊಟ್ಟಾ!"

"ಮಾಡಿ ನೋಡಿ ಆಂಟಿ, ಆಮೇಲೆ ಹೇಳಿ," ಎಂದು ಭೂಮಿಕಾ ಆಕಳಿಸಿ ಅತ್ತ ತಿರುಗಿದಳು.

ಹತ್ತು ನಿಮಿಷ ಬೆನ್ನು ಚಾಚಿ ಕೆಳಗೆ ಹೋಗೋಣ ಎಂದು ಕೋಮಲಾ ಮಲಗಿದಳು. ಮನೆಯಲ್ಲಿ ಹಗಲು ಹೊತ್ತು ತಲೆ ಕೆಳಗಿಟ್ಟರೆ ಸಾಕು, "ಯಾಕೆ, ಹುಷಾರಿಲ್ವಾ?" ಎಂದು ಒಬ್ಬರಾದ ಮೇಲೆ ಒಬ್ಬರು ಬಂದು ಹಣೆ ಮುಟ್ಟುತ್ತಾರೆ. ಪ್ರೀತಿಯೇ ಅದು, ಇಲ್ಲ ಅನ್ನುವಂತಿಲ್ಲ. ಆದರೆ ಹುಷಾರಾಗಿರುವವಳು ಮಲಗುವುದು ಹೇಗೆ? ಇಲ್ಲಿ ಪರದೆಯಾಚೆ ಯಾರೋ ಚಪ್ಪಲಿ ಎಳೆದುಕೊಂಡು ಹೋದರು, ಎಲ್ಲೋ ಬಕೆಟ್ಟು ತುಂಬುತ್ತಿತ್ತು. ಅದು ತುಂಬಿ ಚೆಲ್ಲಿದರೂ ಓಡಿಹೋಗಿ ನಲ್ಲಿ ನಿಲ್ಲಿಸಬೇಕಾದವಳು ತಾನಲ್ಲ. ಆ ಯೋಚನೆ ಪೂರ್ತಿಯಾಗುವ ಮೊದಲೇ ಅವಳಿಗೆ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದದ್ದು ಹಾಲೇಶನ ಫೋನು ಬಂದಾಗ. "ಎಲ್ ಹೋದೆ ಕಣೇ? ಊಟ ಇಲ್ವಾ? ಆಗ್ಲಿಂದ ಅಂಗಳದಲ್ಲಿ ಕಂಬ ಎಣಿಸ್ತಾ ಇದೀನಿ ನಾನು."

ಊಟ ಮುಗಿಸಿ ಕಲ್ಲತ್ತಿಗಿರಿ ಜಲಪಾತಕ್ಕೆ ಹೋದರು. ಮಳೆಗಾಲ ಮುಗಿದು ಸ್ವಲ್ಪವೇ ದಿನವಾಗಿತ್ತು, ನೀರು ಬಂಡೆಯಿಂದ ಬಂಡೆಗೆ ಧುಮುಕುತ್ತಿತ್ತು. ಜಾರುವ ಕಲ್ಲಿನ ಮೇಲೆ ಹಾಲೇಶ ಎಲ್ಲರೆದುರೇ ಅವಳ ಕೈ ಹಿಡಿದುಕೊಂಡ, ದಾಟಿದ ಮೇಲೂ ಬಿಡಲಿಲ್ಲ. ಇಬ್ಬರೂ ನೀರಿಗೆ ತಲೆಯೊಡ್ಡಿ ಚಳಿಗೆ ನಡುಗಿದರು. ಉಪ್ಪು ಖಾರ ಸವರಿದ ಸೌತೆಕಾಯಿ ತಿನ್ನುತ್ತ ಅವನು ಬೇರೆಲ್ಲೋ ನೋಡಿಕೊಂಡು, "ಆ ರೂಮಿನೋರು ಬರದೇ ಇದ್ರೆ ಚೆನ್ನಾಗಿತ್ತು," ಎಂದ. ಅವಳು ಮೊಣಕೈಯಿಂದ ತಿವಿದಳು. ಅವಳಿಗೂ ಆಗ ಹಾಗೇ ಅನಿಸಿತ್ತು, ಅದೇನೂ ಸುಳ್ಳಲ್ಲ.

ಸಂಜೆ ಬೈಕು ನಿಲ್ಲಿಸುವಷ್ಟರಲ್ಲಿ ಯಶೋದಾ ಬಾಗಿಲಿಗೇ ಬಂದಳು. "ಅಣ್ಣ, ನಿಮ್ಮ ಅದೃಷ್ಟ. ಅವರ ಕಾರು ಕೆಟ್ಟಿದೆಯಂತೆ, ಬರಲ್ಲ ಅಂದ್ರು. ಹಿಂದ್ಗಡೆ ರೂಮು ನಿಮಗೇ. ದುಡ್ಡೇನೂ ಹೆಚ್ಚು ಕೊಡ್ಬೇಡಿ."

ಹಾಲೇಶನ ಮುಖ ಊರಗಲವಾಯಿತು. "ಹೋಗು ಹೋಗು, ಬ್ಯಾಗ್ ತಗೊಂಡ್ ಬಾ," ಎಂದು ಹೆಂಡತಿಯನ್ನು ಅವಸರಿಸಿ, ತನ್ನ ಚೀಲ ತರಲು ತಾನೂ ಓಡಿದ.

ಕೋಮಲಾ ಮೇಲೆ ಬಂದಳು. ಬ್ಯಾಗು ಹಾಸಿಗೆಯ ತಲೆಯ ಕಡೆ ಇತ್ತು. ಕೈಚಾಚಿ ಎಳೆದುಕೊಂಡರೆ ಸಾಕಿತ್ತು. ಅವಳು ಏಣಿ ಹತ್ತಿ ಕೂತಳು. ಹಾಸಿನ ಮೇಲೆ ಮಧ್ಯಾಹ್ನ ಮಲಗಿದ್ದ ಗುರುತು ಹಾಗೇ ಇತ್ತು. ಒದ್ದೆ ಸೀರೆ ಬದಲಾಯಿಸಿದಳು, ಕೂದಲು ಒರೆಸಿಕೊಂಡಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೆಳಗಿನಿಂದ ಹಾಲೇಶ ಒಮ್ಮೆ ಕರೆದ. "ಬಂದೆ," ಎಂದಳು, ಏಳಲಿಲ್ಲ. ಸಿಂಗಟಗೆರೆಯಲ್ಲಿ ಅಕ್ಕತಂಗಿಯರೆಲ್ಲ ಒಂದೇ ಜಮಖಾನದ ಮೇಲೆ ಅಡ್ಡಡ್ಡ ಮಲಗುತ್ತಿದ್ದರು. ಅಲ್ಲಿಂದ ಎದ್ದವಳು ಶಿವನಿಯ ನಡುಮನೆಗೆ ಬಂದಿದ್ದಳು. ಇದರಲ್ಲಿ ದುಃಖಪಡುವಂಥದ್ದೇನಿದೆ ಎಂದು ತನ್ನನ್ನೇ ಕೇಳಿಕೊಂಡಳು. ಏನೂ ಇರಲಿಲ್ಲ. ಆದರೂ ಈ ಹಾಸಿಗೆ ಬಿಟ್ಟು ಇಳಿಯಲು ಮನಸ್ಸು ಒಪ್ಪಲಿಲ್ಲ.

ಕೊನೆಗೆ ಬರಿಗೈಯಲ್ಲಿ ಕೆಳಗಿಳಿದಳು. ಅಂಗಳದಲ್ಲಿ, ಮೊದಲು ಧಾರೆ ಮಂಟಪವಿದ್ದ ಕಟ್ಟೆಯ ಮೇಲೆ ಹಾಲೇಶ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಬ್ಯಾಗೆಲ್ಲಿ?"

"ರೀ, ಬೇಜಾರ್ ಮಾಡ್ಕೋಬೇಡಿ. ನಾನು ಮೇಲೇ ಮಲಗ್ತೀನಿ."

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ.

"ಯಾಕೆ? ನಾನೇನ್ ಮಾಡ್ದೆ?"

"ನೀವೇನೂ ಮಾಡಿಲ್ಲ. ಹುಟ್ಟಿದಾಗಿಂದ ನಂಗಂತ ಒಂದು ಹಾಸಿಗೆ ಅಂತ ಇದ್ದಿದ್ದಿಲ್ಲ ಕಣ್ರೀ. ಹೆಂಗ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮಧ್ಯಾಹ್ನ ಅಲ್ಲಿ ಮಲಗಿದ್ನಾ, ಯಾರೂ ಕರೀಲಿಲ್ಲ. ಇನ್ನೊಂದ್ಸಲ ಹಂಗೇ ಮಲಗ್ಬೇಕು ಅನ್ಸಿದೆ. ಇವತ್ತೊಂದಿನ."

"ನಿನ್ ಜೊತೆ ಇರೋಣ ಅಂತ ನಾನು ಬಂದ್ರೆ, ನೀನು ಒಬ್ಳೇ ಇರ್ಬೇಕು ಅಂತೀಯ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಅದಕ್ಕೇ ಅವಳಿಗೆ ಸಂಕಟವಾಯಿತು. ಅವನು ಎದ್ದು, ಚೀಲವನ್ನು ಕಟ್ಟೆಯ ಮೇಲೇ ಬಿಟ್ಟು, ಗೇಟು ದಾಟಿ ರಸ್ತೆಗೆ ಹೋದ.

ಕೋಮಲಾ ಅಲ್ಲೇ ಕೂತಳು. ಹೋಗಿ ಬ್ಯಾಗು ತಂದುಬಿಡಲೇ ಎಂದು ಎರಡು ಸಲ ಎದ್ದಳು. ತಂದರೆ ಅವನಿಗೆ ಖುಷಿಯಾಗುತ್ತದೆ, ತನಗೂ ಬೇಸರವೇನಿಲ್ಲ. ಆದರೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿಯಾಗಿತ್ತು. ಇಲ್ಲ ಎಂದು ಹಿಂದಕ್ಕೆ ತೆಗೆದುಕೊಂಡರೆ ಇನ್ನೊಮ್ಮೆ ಕೇಳುವ ಧೈರ್ಯ ಬಂದೀತೇ? ಎರಡು ಸಲವೂ ಕೂತಳು.

ಹಾಲೇಶ ಬಿಸಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದುಕೊಂಡು ವಾಪಸು ಬಂದ. ಅವಳ ಪಕ್ಕದಲ್ಲಿ ಕೂತು, ಕಾಗದ ಬಿಡಿಸಿ ಇಬ್ಬರ ನಡುವೆ ಇಟ್ಟ. ಇಬ್ಬರೂ ಒಂದೊಂದು ತೆಗೆದುಕೊಂಡರು.

"ಮನೇಲಿ ನಿಂಗೆ ನಿದ್ದೆ ಬರಲ್ವಾ?" ಎಂದು ಅವನು ಕೇಳಿದ.

"ಬರುತ್ತೆ. ಮಗಳು ಒದೀತಾಳೆ. ಅತ್ತೆ ಎದ್ರೆ ನಂಗೂ ಎಚ್ರ ಆಗುತ್ತೆ. ಆದ್ರೂ ಬರುತ್ತೆ."

"ಇಷ್ಟ್ ವರ್ಷ ಒಂದ್ಸಲಾನೂ ಹೇಳ್ಲಿಲ್ವಲ್ಲೇ."

"ಎಲ್ಲಿ ಹೇಳೋದು? ಎಲ್ಲಿ ನಿಂತ್ಕೊಂಡ್ ಹೇಳಿದ್ರೂ ಅತ್ತೆಗೇ ಮೊದ್ಲು ಕೇಳ್ಸೋದು."

ಹಾಲೇಶನಿಗೆ ನಗು ಉಕ್ಕಿ ಬಜ್ಜಿ ನೆತ್ತಿಗೇರಿತು. ಅವಳು ಅವನ ಬೆನ್ನು ತಟ್ಟಿದಳು. ಕೆಮ್ಮು ನಿಂತ ಮೇಲೆ ಅವನು, ಮನೆಯ ಅಟ್ಟದ ಮೇಲಿನ ಸುಟ್ಟ ಮೋಟಾರುಗಳನ್ನೆಲ್ಲ ಗುಜರಿಗೆ ಹಾಕಿದರೆ ಅಲ್ಲೊಂದು ಹಾಸಿಗೆ ಹಿಡಿಯುತ್ತದೆ ಎಂದ. ಅಲ್ಲಿ ಇಲಿಗಳಿವೆ ಎಂದು ಅವಳು. ಇಲಿಗೆ ಬೋನು ಇಡೋಣ ಎಂದು ಅವನು. ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಮಗನ ಮೊಂಡುತನ, ಮೈದುನನ ಹೆಂಡತಿಯ ಒಳ್ಳೆಯ ಗುಣ, ಮದುವೆಯ ದಿನ ಹಾಲೇಶನಿಗೆ ಹೊಟ್ಟೆ ಕೆಟ್ಟಿದ್ದನ್ನು ಅವನು ಇಲ್ಲಿಯವರೆಗೆ ಮುಚ್ಚಿಟ್ಟದ್ದು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಊಟಕ್ಕೆ ಯಶೋದಾ ಕರೆದರೂ ಇಬ್ಬರೂ ಕೂಡಲೇ ಏಳಲಿಲ್ಲ. ಊಟವಾದ ಮೇಲೆ ಹಾಲೇಶ ಹಿಂದಿನ ರೂಮಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಬೇರೆ ಯಾರಾದ್ರೂ ಬಂದ್ರೆ ಕೊಡಮ್ಮ," ಎಂದು ಗಂಡಸರ ಕೋಣೆಗೆ ನಡೆದ. ಯಶೋದಾ ಏನೋ ಕೇಳಹೊರಟವಳು ಕೋಮಲಾಳ ಮುಖ ನೋಡಿ, ಬೀಗದ ಕೈ ಎತ್ತಿ ಮೊಳೆಗೆ ತೂಗುಹಾಕಿದಳು.

ಬೆಳಿಗ್ಗೆ ಕೋಮಲಾಳಿಗೆ ತಾನಾಗಿಯೇ ಎಚ್ಚರವಾಯಿತು. ಪರದೆಯ ಅಂಚಿನಿಂದ ಬಿಸಿಲು ಒಳಗೆ ಬಂದಿತ್ತು. ಕೆಳಗೆ ಭೂಮಿಕಾಳ ಉಸಿರು ಸಣ್ಣಗೆ ಕೇಳುತ್ತಿತ್ತು. ಹೊತ್ತೆಷ್ಟಾಗಿದೆಯೋ ತಿಳಿಯಲಿಲ್ಲ, ಫೋನು ನೋಡಲೂ ಹೋಗಲಿಲ್ಲ. ಅಂಗಳದಿಂದ ಯಶೋದಾಳ ದನಿ ಬಂತು. "ಅಕ್ಕನ್ನ ಎಬ್ಬಿಸ್ಲಾ ಅಣ್ಣ?"

"ಬೇಡ ಬಿಡಮ್ಮ. ಮಲಗ್ಲಿ."

ಅವಳು ಮೊಣಕೈ ಊರಿ ಕಿಟಕಿಯಲ್ಲಿ ಇಣುಕಿದಳು. ಹಾಲೇಶ ಸ್ನಾನ ಮಾಡಿ, ತಲೆ ಬಾಚಿ, ಕಟ್ಟೆಯ ಮೇಲೆ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದ. ಪಕ್ಕದಲ್ಲಿ ಎರಡು ಲೋಟ ಟೀ. ಒಂದನ್ನು ಅವನು ನಿಧಾನವಾಗಿ ಕುಡಿಯುತ್ತಿದ್ದ. ಇನ್ನೊಂದರ ಮೇಲೆ ತಟ್ಟೆ ಮುಚ್ಚಿತ್ತು. ಒಂದು ಕಾಗೆ ಹತ್ತಿರ ಬಂದಾಗ ಅವನು ಲೋಟವನ್ನು ತನ್ನ ಕಡೆಗೆ ಸರಿಸಿಕೊಂಡ.

ಕರೆದಿದ್ದರೆ ಅವನಿಗೆ ಕೇಳುತ್ತಿತ್ತು. ಕೋಮಲಾ ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ದಿಂಬನ್ನು ತಿರುಗಿಸಿ, ತಣ್ಣಗಿದ್ದ ಮಗ್ಗುಲಿಗೆ ಕೆನ್ನೆಯಿಟ್ಟು ಮತ್ತೆ ಕಣ್ಣು ಮುಚ್ಚಿದಳು.