ಹಿರೇ ಪೆಟ್ಟಿಗೆ

ಡಿಸ್ಕ್ ಸಿಗಲಿಲ್ಲ ಎಂದು ಕಂಪ್ಯೂಟರಿನ ಪರದೆ ಹದಿನೇಳನೆಯ ಸಲ ಹೇಳಿತು. ತಿಪ್ಪೇಶಪ್ಪನಿಗೆ ಅದನ್ನು ಎತ್ತಿ ಕಿಟಕಿಯಾಚೆ ಒಗೆಯುವಷ್ಟು ಸಿಟ್ಟು ಬಂತು. ಹೊನ್ನಾಳಿಯ ಬೀಜ ಸಂಘಕ್ಕೆ ಈ ಮಿಷಿನ್ ಬಂದು ಎರಡು ವರ್ಷ. ಬೀಜದ ಲೆಕ್ಕ ತುಂಬಿಡುವ ಡಿಸ್ಕ್ ಪೆಟ್ಟಿಗೆ ಎರಡು, ಮುಂದೆ ಹೊಸದು, ಹಿಂದೆ ಹಳೆಯದು. ಅವನ್ನು ಹುಡುಕುವ ಪ್ರೋಗ್ರಾಮನ್ನು ಅವನೇ ಬರೆದಿದ್ದ, ಅದರ ಜಂಬವೂ ಇತ್ತು. ಆಯುಧಪೂಜೆಯ ರಜೆ ಮುಗಿಸಿ ಬಂದರೆ ಈ ಗತಿ.

ತಪ್ಪು ಯಾರದೆಂದು ಕಾರ್ಯದರ್ಶಿ ಶಿವಮೂರ್ತಪ್ಪ ಬೆಳಿಗ್ಗೆ ಕೇಳಿದಾಗ, "ಕಸ ಗುಡಿಸೋ ದುರುಗಕ್ಕ ಮುಟ್ಯಾಳೆ ಸಾರ್" ಎಂದುಬಿಟ್ಟಿದ್ದ. ನಾಳೆಯಿಂದ ಬರಬೇಡ ಎಂದು ಶಿವಮೂರ್ತಪ್ಪ ಅವಳಿಗೆ ಆಗಲೇ ಹೇಳಿಯೂ ಆಗಿತ್ತು.

"ಏನ್ ಮಾಡಿದೆ ಇದಕ್ಕೆ?" ಬಾಗಿಲಲ್ಲಿ ನಿಂತಿದ್ದ ಅವಳನ್ನು ತಿಪ್ಪೇಶಪ್ಪ ಗದರಿದ.

"ಪೂಜೆಗೆ ಒರೆಸಿ ಇಬೂತಿ ಹಚ್ಚಿದೆ ಸಾರ್. ಹಳೇ ಪೆಟ್ಟಿಗೆ ಹಿರೇದಲ್ರೀ, ಅದನ್ನ ಹಿಂದೆ ಕೂರ್ಸಾಕೆ ಆಗ್ತೈತಾ? ಮುಂದಿಟ್ಟು, ಅಲ್ಲಿದ್ದ ವೈರು ಸಿಗ್ಸಿದೆ."

ತಿಪ್ಪೇಶಪ್ಪ ಬಗ್ಗಿ ವೈರುಗಳನ್ನು ನೋಡಿದ. ಮೊದಲ ವೈರಿಗೆ ಹೊಸ ಪೆಟ್ಟಿಗೆಯೇ ಇರುತ್ತದೆಂದು ಅವನು ಬರೆದುಬಿಟ್ಟಿದ್ದ. ಅಲ್ಲಿ ಬೇರೆಯದು ಕಂಡರೆ ಪಕ್ಕಕ್ಕೆ ತಿರುಗಿಯೂ ನೋಡದೆ ಪ್ರೋಗ್ರಾಮ್ ಕೈಚೆಲ್ಲುತ್ತಿತ್ತು. ಪ್ರತಿ ಪೆಟ್ಟಿಗೆಯ ಹೆಸರು ಕೇಳಿ ಹುಡುಕುವ ಹತ್ತು ಸಾಲು ಬರೆಯಲು ಆಗ ಸೋಮಾರಿತನ.

ವೈರು ಅದಲುಬದಲು ಮಾಡಿದರೆ ಒಂದು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಕೈ ಹಾಕಿಯೂ ಹಾಕಿದ. ಅಷ್ಟರಲ್ಲಿ ದುರುಗಕ್ಕ ಪೊರಕೆಯನ್ನು ಮೂಲೆಗಿಟ್ಟು, ಬುತ್ತಿ ಡಬ್ಬಿಯನ್ನು ಕಂಕುಳಿಗೆ ಸೇರಿಸಿದ್ದು ಕಂಡಿತು.

"ಹೋಗಬ್ಯಾಡಕ್ಕ, ಸಂಜೆ ತನಕ ಇರು" ಎಂದು ವೈರು ಬಿಟ್ಟು ಪ್ರೋಗ್ರಾಮ್ ತಿದ್ದಲು ಕೂತ.

ಆ ಹತ್ತು ಸಾಲು ಅವನ ಜೀವ ತಿಂದವು. ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ತನ್ನನ್ನೇ ಬೈದುಕೊಂಡು ಬೈದುಕೊಂಡು ಬರೆದ ಮೇಲೆ ನಾಲ್ಕು ಗಂಟೆಗೆ ಬೀಜದ ಪಟ್ಟಿ ಪರದೆಗೆ ಬಂತು. ಹೋಗಿ ಶಿವಮೂರ್ತಪ್ಪನನ್ನು ಕರೆತಂದ.

"ತಪ್ಪು ನಂದು ಸಾರ್. ನನ್ನ ಪ್ರೋಗ್ರಾಮಿಗೆ ಹುಡುಕಾಕೇ ಬರ್ತಿರಲಿಲ್ಲ. ಆಕೆ ಏನೂ ಕೆಡಿಸಿಲ್ಲ."

"ಬೆಳಿಗ್ಗೆ ಬ್ಯಾರೆ ಹೇಳಿದ್ರಲ್ರೀ."

"ಹೌದು ಸಾರ್. ಸುಳ್ಳು ಹೇಳಿದೆ."

ಶಿವಮೂರ್ತಪ್ಪ ಪರದೆಯ ಮೇಲಿನ ಪಟ್ಟಿಯ ಮೇಲೆ ಕಣ್ಣಾಡಿಸಿದ. "ನಾಳೆ ಬರಾಕೆ ಹೇಳ್ರಿ ಆಕೆಗೆ" ಎಂದು ಹೊರಟುಹೋದ.

ಹೇಳಿದ್ದಕ್ಕೆ ದುರುಗಕ್ಕ ಹೂಂ ಅಂದಳು, ಅಷ್ಟೆ. ಪೊರಕೆ ತೆಗೆದುಕೊಂಡು ಮೇಜಿನ ಅಡಿ, ಕುರ್ಚಿಯ ಅಡಿ ಗುಡಿಸಿದಳು. ಹಳೆಯ ಪೆಟ್ಟಿಗೆ ಇನ್ನೂ ಮುಂದೆಯೇ ಇತ್ತು, ಅದರ ಮೇಲೆ ವಿಭೂತಿಯ ಮೂರು ಗೆರೆ. ಅದರ ಹತ್ತಿರ ಬಂದಾಗ ಅವಳು ಸೆರಗನ್ನು ಒಟ್ಟುಮಾಡಿ ಹಿಡಿದುಕೊಂಡು, ಒಂದು ಮೊಳ ದೂರದಿಂದ ಸುತ್ತಿ ಹೋದಳು.