ಹನ್ನೊಂದು ಮೊಟ್ಟೆಗಳ ಕಾವು

ಅತ್ತೆ ಬಲ್ಬಿನ ಪೆಟ್ಟಿಗೆಯಲ್ಲಿ ಕಾವಿಗಿಟ್ಟ ಹನ್ನೆರಡು ಮೊಟ್ಟೆಗಳಲ್ಲಿ ಒಂದೂ ಮರಿಯಾಗಲಿಲ್ಲ. ಇಪ್ಪತ್ತೊಂದು ದಿನ ಕಳೆದು, ಮತ್ತೆ ನಾಲ್ಕು ದಿನ ಕಾದು, ಸೊಸೆ ಒಂದನ್ನು ಒಡೆದು ನೋಡಿದಳು. ಮೈತುಂಬ ತುಪ್ಪಳ ಬಂದಿದ್ದ ಮರಿ ಒಳಗೇ ಸತ್ತಿತ್ತು. ಉಳಿದವುಗಳನ್ನು ಒಡೆಯಲು ಅವಳಿಗೆ ಕೈ ಏಳಲಿಲ್ಲ.

ಮರುವಾರ ಬೀದಿನಾಯಿಗಳು ಗೂಡಿಗೆ ನುಗ್ಗಿದವು. ತೀರಿಹೋದ ಮಾವ ಮೂವತ್ತು ವರ್ಷ ಜೋಪಾನ ಮಾಡಿದ್ದ ಬೋಳುಕತ್ತಿನ ಕೋಳಿಗಳಲ್ಲಿ ಹುಂಜವೂ ಹೋಯಿತು, ಹೇಂಟೆಗಳೂ ಹೋದವು. ಉಳಿದದ್ದು ಅಡುಗೆಮನೆಯ ಬುಟ್ಟಿಯಲ್ಲಿದ್ದ ಹನ್ನೊಂದು ಮೊಟ್ಟೆ. ಇವೂ ಕೆಟ್ಟರೆ ಆ ತಳಿಯೇ ಮನೆಯಿಂದ ಅಳಿದಂತೆ.

ಅತ್ತೆ ಅವನ್ನು ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿದು ನಿಂತಿದ್ದರು. ಅಷ್ಟರಲ್ಲಿ, ಸೊಸೆ ಹೇಳಿಕಳುಹಿಸಿದ್ದ ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದರು.

"ಥರ್ಮಾಮೀಟರ್ ಎಲ್ಲಮ್ಮ?"

"ಅಗೋ, ತಳದಲ್ಲಿ ಮಲಗಿಸಿದೀನಿ. ಅಲ್ಲಾದ್ರೆ ಕನ್ನಡಕ ಇಲ್ದೇನೂ ಕಾಣುತ್ತೆ. ಮೂವತ್ತೆಂಟು ಡಿಗ್ರಿ, ಆವತ್ತು ನೀವು ಹೇಳಿದಷ್ಟೇ."

"ಮೊಟ್ಟೆ ಇರೋದು ಮೇಲೆ, ಜಾಲರಿಯಲ್ಲಲ್ವಾ?"

"ಒಂದು ಗೇಣಿಗೆ ಏನಾಗಿಬಿಡುತ್ತೆ? ನಾಲ್ಕು ಮಕ್ಕಳನ್ನ ಸಾಕಿದ ಕೈ ಇದು. ಮುಟ್ಟಿ ನೋಡಿದೀನಿ, ಹದವಾಗಿ ಬೆಚ್ಚಗಿದೆ."

"ಅತ್ತೆ, ನನ್ನ ಸ್ನಾನದ ನೀರಿಗೂ ಆ ಕೈ ಹಾಗೇ ಹೇಳಿತ್ತು. ಮೈ ಸುಟ್ಕೊಂಡು ಆಚೆ ಓಡಿಬಂದೆ" ಎಂದಳು ಸೊಸೆ.

"ನಿಂದು ಬೆಣ್ಣೆ ಮೈ ಕಣೇ!"

ಡಾಕ್ಟರಮ್ಮ ನಗುತ್ತಲೇ ಥರ್ಮಾಮೀಟರನ್ನು ಎತ್ತಿ, ಅದರ ತುದಿ ಮೊಟ್ಟೆಗಳ ನೆತ್ತಿಯ ಮಟ್ಟಕ್ಕೆ ಬರುವಂತೆ ಕಟ್ಟಿ, ಮುಚ್ಚಳ ಹಾಕಿದರು. ಅರ್ಧ ಗಂಟೆಯ ನಂತರ ನೋಡಿದರೆ ನಲವತ್ತೂವರೆ! ಅತ್ತೆ ಕನ್ನಡಕ ತರಿಸಿ ಮತ್ತೊಮ್ಮೆ ನೋಡಿದರು.

"ಬಿಸಿಗಾಳಿ ಮೇಲಕ್ಕೇರುತ್ತಮ್ಮ. ಇದರಲ್ಲಿ ಫ್ಯಾನ್ ಇಲ್ಲ, ಗಾಳಿ ಬೆರೆಯಲ್ಲ. ಶಾಖ ಕಡಿಮೆಯಾದ್ರೆ ಮರಿ ತಡವಾಗಿ, ಬಡಕಲಾಗಿ ಬರುತ್ತೆ. ಹೆಚ್ಚಾದ್ರೆ ಒಳಗೇ ಸಾಯುತ್ತೆ."

ಅತ್ತೆ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತರು. "ಹಾಗಾದ್ರೆ ಆ ಹನ್ನೆರಡನ್ನೂ ನಾನೇ ಕೊಂದೆನಾ? ಜೀವ ಕೊಡೋನು ದೇವರು ಅಂತ ನಂಬ್ಕೊಂಡು ಕೂತಿದ್ದೆನಲ್ಲ."

"ಕೊಡೋನು ಅವನೇ. ಕಾಯೋ ಕೆಲಸ ನಮಗೆ ಬಿಟ್ಟಿದಾನೆ. ಇವನ್ನ ಈಗ ತಾನೇ ಇಟ್ಟಿದೀರಿ, ಕೆಟ್ಟಿರಲ್ಲ. ಏಳಿ, ಬಲ್ಬು ಬದಲಾಯಿಸೋಣ."

ಸಣ್ಣ ಬಲ್ಬು ಹಾಕಿದರು. ಮೊಟ್ಟೆಯ ನೆತ್ತಿಯ ಬಳಿ ಶಾಖ ಮೂವತ್ತೆಂಟಕ್ಕೆ ಇಳಿದು ನಿಂತಿತು. ಏಳನೆಯ ದಿನ ಬಾಗಿಲು ಮುಚ್ಚಿ, ಟಾರ್ಚಿನ ಬೆಳಕಿಗೆ ಮೊಟ್ಟೆಗಳನ್ನು ಹಿಡಿದರು. ಒಂಬತ್ತರಲ್ಲಿ ಕೆಂಪು ನರಗಳ ಎಳೆಗಳು ಕಂಡವು; ಏನೂ ಕಾಣದ ಎರಡನ್ನು ಹೊರಗಿಟ್ಟರು.

ಇಪ್ಪತ್ತೊಂದನೆಯ ದಿನ ಪೆಟ್ಟಿಗೆಯೊಳಗಿಂದ ಚಿಂವ್ ಎಂಬ ಸದ್ದು ಬಂತು. ಅತ್ತೆ ಮುಚ್ಚಳಕ್ಕೆ ಕೈ ಹಾಕಿದರು. "ತೆಗೀಬೇಡಿ ಅತ್ತೆ, ಶಾಖ ಹೋಗುತ್ತೆ!" ಎಂದು ಸೊಸೆ ತಡೆದಳು. ಸಂಜೆಯೊಳಗೆ ಒಂಬತ್ತೂ ಹೊರಬಂದವು; ಒಂಬತ್ತಕ್ಕೂ ಕತ್ತು ಬೋಳು. ಮಾವ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಗದ್ದಲ ಕೇಳಿದ್ದು ಅಂದೇ. "ಅವರಿದ್ದಿದ್ರೆ ಇದರಲ್ಲಿ ಹುಂಜ ಯಾವುದು ಅಂತ ಈಗಲೇ ಜಗಳ ತೆಗೀತಿದ್ರು" ಎಂದು ಅತ್ತೆ ಅಳುತ್ತಲೇ ನಕ್ಕರು.

ನಿಮ್ಮ ಮನೆಯಲ್ಲೂ ಕಾವು ಪೆಟ್ಟಿಗೆ ಇದ್ದರೆ ಇಂದೇ ನೋಡಿ, ಥರ್ಮಾಮೀಟರ್ ಎಲ್ಲಿದೆ? ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಅದು ಮೊಟ್ಟೆಯ ನೆತ್ತಿಯ ಮಟ್ಟದಲ್ಲಿರಲಿ. ಅಲ್ಲಿ ಮೂವತ್ತೆಂಟರಿಂದ ಮೂವತ್ತೆಂಟೂವರೆ ಡಿಗ್ರಿ ಇರಲಿ. ಫ್ಯಾನ್ ಇದ್ದರೆ ಮೂವತ್ತೇಳೂವರೆ ಸಾಕು. ಮೊಟ್ಟೆ ಇಡುವ ಮುಂಚೆ ಒಂದು ದಿನ ಖಾಲಿ ಪೆಟ್ಟಿಗೆಯಲ್ಲೇ ಬಲ್ಬು ಉರಿಸಿ, ಶಾಖ ಏರಿಳಿಯದೆ ನಿಲ್ಲುವುದನ್ನು ಕಂಡುಕೊಳ್ಳಿ. ಚಿಪ್ಪಿನೊಳಗಿನ ಜೀವಕ್ಕೆ ಸೆಕೆಯೆಂದು ಕೂಗಲು ಬಾರದು. ಅದರ ಪರವಾಗಿ ನೀವು ನೋಡಿ.