ಚೆಂಡಿನ ವರ್ಷ

ವೆಂಕಟೇಶಪ್ಪ ತಮ್ಮನ ಎಡಗೈಯನ್ನು ಹೊಸ ಪಂಚೆಯ ಮಡಿಕೆಯೊಳಗೆ ಸೇರಿಸುತ್ತಿದ್ದಾಗ ಲಕ್ಷ್ಮಮ್ಮ ಎದ್ದು ಬಂದು ಅವನ ಮಣಿಕಟ್ಟು ಹಿಡಿದುಕೊಂಡಳು.

ಸುತ್ತ ಕೂತಿದ್ದ ಹೆಂಗಸರ ಅಳು ಅರ್ಧಕ್ಕೇ ನಿಂತಿತು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳು ಬಾವನ ಮೈ ಮುಟ್ಟುವುದಿರಲಿ, ಎದುರು ನಿಂತು ಗಟ್ಟಿಯಾಗಿ ಮಾತಾಡಿದವಳೂ ಅಲ್ಲ.

“ಕೈ ಮುಚ್ಬೇಡಿ ಬಾವ.”

“ಊನ ಕಾಣ್ತದಲ್ಲಮ್ಮ. ನೆಂಟ್ರು ಇಷ್ಟ್ರೆಲ್ಲ ಬರ್ತಾವ್ರೆ.”

“ಕಾಣ್ಲಿ ಬುಡಿ. ನೋಡ್ಲಿ ಎಲ್ರೂವೆ.”

ವೆಂಕಟೇಶಪ್ಪ ಅವಳ ಮುಖ ನೋಡಿ ಪಂಚೆಯ ಮಡಿಕೆ ಬಿಟ್ಟ. ಲಕ್ಷ್ಮಮ್ಮ ಗಂಡನ ಎಡಗೈ ಎತ್ತಿ ಸೇವಂತಿಗೆ ಹಾರದ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು. ನಡುಬೆರಳೂ ಉಂಗುರದ ಬೆರಳೂ ಬುಡದಿಂದಲೇ ಇಲ್ಲದ ಕೈ. ಹಿಂದಿನ ದಿನ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಆಂಜಿನಪ್ಪ, “ಎದೆ ಇಡ್ಕೊಂಡಂಗಾಯ್ತದೆ ಕಣೇ” ಎಂದು ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಐವತ್ತು ಇನ್ನೂ ದೂರವಿತ್ತು.

ಹೊರಗೆ ತಮಟೆಗೆ ಕಾವು ಕೊಡುತ್ತಿದ್ದರು. ಅಂಗಳದಾಚೆ, ಒಂದು ಕಾಲಕ್ಕೆ ಇವರದೇ ರಾಗಿ ಹೊಲವಾಗಿದ್ದ ಕಡೆ, ಶೀಟು ಹೊದಿಸಿದ ಕಾರ್ಖಾನೆಗಳು. ತಗಡು ಒತ್ತುವ ಪ್ರೆಸ್ಸುಗಳ ಬಡಿತ ನೆಲದ ಮೂಲಕವೇ ಮನೆಯೊಳಕ್ಕೆ ಬರುತ್ತಿತ್ತು. ಪೀಣ್ಯದಲ್ಲಿ ಯಾರು ಸತ್ತರೂ ಅದು ನಿಲ್ಲುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೇಗೂರಿನಿಂದ ಬಂದಿದ್ದ ಸೋದರತ್ತೆ ಮರಿಯಮ್ಮ ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದ ವೆಂಕಟೇಶಪ್ಪನ ಹೆಂಡತಿ ಭದ್ರಮ್ಮನನ್ನು ಮೆಲ್ಲಗೆ ಕೇಳಿದಳು: “ಅದೇನೇ ಆ ಕೈ? ನಂಗೆ ಗೊತ್ತೇ ಇರ್ಲಿಲ್ವಲ್ಲ.”

“ಪ್ರೆಸ್ಸು ತಿಂದಿದ್ದು ಕಣತ್ತೆ,” ಎಂದಳು ಭದ್ರಮ್ಮ. “ಚೆಂಡಿನ ವರ್ಸ.”

* * *

ಊರಿನವರು ಆ ವರ್ಷವನ್ನು ಎಪ್ಪತ್ತೆಂಟು ಎನ್ನುವುದಿಲ್ಲ. ಚೆಂಡಿನ ವರ್ಷ ಎಂದೇ ಅನ್ನುತ್ತಾರೆ.

ಜಮೀನು ಹೋಗಿ ಕಾರ್ಖಾನೆ ಸೇರಿದ ಊರ ಹುಡುಗರಿಗೆ ಫುಟ್‌ಬಾಲಿನ ಹುಚ್ಚು ಹಿಡಿಸಿದವನು ನಲ್ಲಪ್ಪ. ಹಲಸೂರಿನ ಕಡೆ ಲೇತ್ ಕೆಲಸ ಕಲಿಯಲು ಹೋದವನು ಅಲ್ಲಿಂದ ಆಟವನ್ನೂ ಕಲಿತು ಬಂದಿದ್ದ. ಬತ್ತಿದ ಕೆರೆಯಂಗಳದಲ್ಲಿ ನೀಲಗಿರಿ ಕಂಬ ನೆಟ್ಟು ಗೋಲು ಮಾಡಿದರು. ‘ಪೀಣ್ಯ ಬಾಯ್ಸ್’ ಎಂದು ಹೆಸರಿಟ್ಟುಕೊಂಡು ಬೆಂಗಳೂರಿನ ಲೀಗಿನಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಗೆ, ಸಿ ಡಿವಿಜನ್ನಿಗೆ, ಸೇರಿಕೊಂಡರು. ಮೊದಮೊದಲು ಸೋತದ್ದೇ ಸೋತದ್ದು. ಆಸ್ಟಿನ್ ಟೌನಿನ ಹುಡುಗರು ನಡೆಯಲು ಕಲಿಯುವ ಮೊದಲೇ ಚೆಂಡು ಒದೆಯಲು ಕಲಿತವರು. ಇವರು ಬಸ್ಸಿಳಿದರೆ ಸಾಕು, “ಮುದ್ದೆ ಟೀಮ್ ಬಂತು ಮಚ್ಚಾ!” ಎಂದು ಶಿಳ್ಳೆ ಹಾಕುತ್ತಿದ್ದರು.

ಆ ವರ್ಷ ಗೋಲಿಗೆ ಆಂಜಿನಪ್ಪನನ್ನು ನಿಲ್ಲಿಸಿದ ಮೇಲೆ ಶಿಳ್ಳೆ ಕಮ್ಮಿಯಾಯಿತು. ಅವನು ಎತ್ತರದ ಆಳು. ಚಿಕ್ಕಂದಿನಿಂದ ರಾಗಿ ಮೆದೆಯ ತುದಿಯಲ್ಲಿ ನಿಂತು, ಅಣ್ಣ ಕೆಳಗಿನಿಂದ ಎಸೆದ ಕಂತೆಗಳನ್ನು ಒಂದೂ ಬಿಡದೆ ಹಿಡಿದವನು. ಮ್ಯಾಚು ಮಧ್ಯಾಹ್ನದ ಹೊತ್ತು ಇರುತ್ತಿದ್ದುದರಿಂದ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡ. ಬೆಳಗ್ಗೆ ಬಂದು ಒಂದು ಗಳಿಗೆ ಮಲಗಿ, ಎದ್ದು, ಮುದ್ದೆ ತಿಂದು, ಬಸ್ಸು ಹತ್ತುತ್ತಿದ್ದ. ಪೀಣ್ಯ ಬಾಯ್ಸ್ ಗೆಲ್ಲತೊಡಗಿತು. ಗೆದ್ದದ್ದು ಅವರಿಗೇ ನಂಬಿಕೆಯಾಗಲಿಲ್ಲ.

ಮಳೆ ಹಿಡಿದುಕೊಂಡ ವಾರವೇ ಅದು ಆಯಿತು. ಆಂಜಿನಪ್ಪನ ಕೈಕೆಳಗಿದ್ದ ಪ್ರೆಸ್ಸು ಪೆಡಲು ಒತ್ತಿದರೆ ಬೀಳುವಂಥದ್ದು. ಆವತ್ತು ಒತ್ತದೆಯೇ ಬಿತ್ತು.

ಆಸ್ಪತ್ರೆಯಿಂದ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಕಾರ್ಖಾನೆಯವರು ಗೇಟಿನ ಹತ್ತಿರ ಸ್ಟೂಲು ಹಾಕಿಕೊಡುತ್ತೇವೆ, ವಾಚ್‌ಮನ್ ಆಗಿರು ಎಂದು ಹೇಳಿ ಕಳಿಸಿದರು. ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ನಲ್ಲಪ್ಪ ದಿನಾ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದ. ಮುದ್ದೆ ಟೀಮು ಮತ್ತೆ ಸೋಲಲು ಶುರು ಮಾಡಿತ್ತು.

“ಬೆರಳು ಓದ್ರೆ ಓಯ್ತು, ಜೀವ ಉಳೀತು,” ಎಂದ ವೆಂಕಟೇಶಪ್ಪ. “ಇನ್ನಾದ್ರೂ ಆ ಚೆಂಡು ಒದೆಯೋ ಚಾಳಿ ಬುಟ್ಟು ಮನೆ ಕಡೆ ನೋಡು.”

ಲಕ್ಷ್ಮಮ್ಮ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಗಾಯ ಆರಿ ಕಟ್ಟು ಬಿಚ್ಚಿದ ಮೇಲೂ ಗಂಡ ಆ ಕೈಯನ್ನು ಟವಲಿನಲ್ಲಿ ಸುತ್ತಿಕೊಂಡೇ ಇರುತ್ತಿದ್ದ. ಅವಳೆದುರು ಉಣ್ಣಲೂ ನಾಚುತ್ತಿದ್ದ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. ಮಂಚದ ಕೆಳಗಿದ್ದ ಚೆಂಡು ಎಳೆದು, ಸೆರಗಿನಲ್ಲಿ ಒರೆಸಿ, ಅವನತ್ತ ಎಸೆದಳು. ಅದು ಅವನ ಎದೆಗೆ ಬಡಿದು ನೆಲಕ್ಕೆ ಬಿತ್ತು.

“ಏನೇ ಇದು? ಆಟ ಅಂದ್ಕೊಂಡ್ಯಾ?”

“ಆಟಾನೇ ಅಲ್ವಾ? ಇನ್ನೇನು? ಟವಲ್ ತೆಗೀರಿ. ಇನ್ನೊಂದ್ಸಲ ಎಸಿತೀನಿ.”

ಅವನು ಬೈದ. ಅವಳು ಮತ್ತೆ ಎಸೆದಳು.

ಮರುದಿನದಿಂದ ಗಂಡ ಹೆಂಡತಿ ಕೆರೆಯಂಗಳಕ್ಕೆ ಹೋಗತೊಡಗಿದರು. ದನ ಮೇಯಿಸುವ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. “ಎಂಡ್ತಿ ಕೈಲಿ ಚೆಂಡಾಡಿಸ್ಕೊತಾನಂತೆ, ಮಾನ ಓಯ್ತು,” ಎಂದು ವೆಂಕಟೇಶಪ್ಪ ಊಟದ ಹೊತ್ತಿನಲ್ಲಿ ಗೊಣಗಿದ. ಲಕ್ಷ್ಮಮ್ಮ ಸೀರೆ ಎತ್ತಿ ಸಿಕ್ಕಿಸಿ ಮೊದಲು ಕೈಯಲ್ಲಿ ಎಸೆದಳು, ಆಮೇಲೆ ಬರಿಗಾಲಲ್ಲಿ ಒದ್ದಳು. ಹೆಬ್ಬೆರಳ ಉಗುರು ಕಿತ್ತುಬಂತು. ಅರಿಶಿನ ಮೆತ್ತಿಕೊಂಡು ಎಡಗಾಲಲ್ಲಿ ಒದ್ದಳು. ಮೂರು ಬೆರಳಿನ ಕೈಯಿಂದ ಚೆಂಡು ಜಾರುತ್ತಲೇ ಇತ್ತು. ಕೊನೆಗೆ ಅವನೇ ಬೇರೆ ದಾರಿ ಕಂಡುಕೊಂಡ: ಹಿಡಿಯುವ ಬದಲು ಎರಡೂ ಅಂಗೈ ಅಡ್ಡವಿಟ್ಟು ಎದೆಗೆ ಅವಚಿಕೊಳ್ಳುವುದು, ಆಗದಿದ್ದರೆ ಮುಷ್ಟಿಯಿಂದ ಗುದ್ದಿ ಕಳಿಸುವುದು.

ಒಂದು ದಿನ ಅವಳು ಒದ್ದ ಚೆಂಡು ಅವನನ್ನು ದಾಟಿ ಸೀದಾ ಗೋಲಿನೊಳಕ್ಕೆ ಹೋಯಿತು. ಅವನು ಕೆಸರಿನಲ್ಲಿ ಬಿದ್ದಲ್ಲೇ ಬಿದ್ದುಕೊಂಡು ಆಕಾಶ ನೋಡುತ್ತ ನಗತೊಡಗಿದ. ಬೆರಳು ಹೋದ ಮೇಲೆ ಅವಳು ಕೇಳಿದ ಮೊದಲ ನಗು ಅದು.

* * *

“ನಲ್ಲಪ್ಪಣ್ಣ ಬಂದ್ರು,” ಎಂದು ಯಾರೋ ಹೇಳಿದರು.

ಟೀಮಿನವರೆಲ್ಲ ಒಟ್ಟಿಗೇ ಬಂದರು. ಕೆಲವರಿಗೆ ಹೊಟ್ಟೆ ಬಂದಿತ್ತು, ಪಾಪಯ್ಯನಿಗೆ ತಲೆ ಬೋಳಾಗಿತ್ತು. ಅವರ ಹಿಂದೆ ಲಕ್ಷ್ಮಮ್ಮ ಎಂದೂ ಮಾತಾಡಿಸದ ಒಬ್ಬ ಕಪ್ಪನೆಯ, ಗಟ್ಟಿಮುಟ್ಟಾದ ಮನುಷ್ಯ. ಕೊರಳಲ್ಲಿ ಸಣ್ಣ ಶಿಲುಬೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಹಾರ ಹಾಕಿ, ಹೂವಿನ ಮೇಲಿದ್ದ ಎಡಗೈಯನ್ನು ಒಂದು ಗಳಿಗೆ ನೋಡುತ್ತ ನಿಂತ. ಆಮೇಲೆ ಬಗ್ಗಿ ಅದನ್ನು ಕಣ್ಣಿಗೊತ್ತಿಕೊಂಡ.

“ಅಕ್ಕಾ, ನಾನು ಯಾರಂತ ನಿಮಗೆ ಗೊತ್ತಿರಲ್ಲ. ಆಸ್ಟಿನ್ ಟೌನು. ಅರುಳಪ್ಪ ಅಂತ.”

“ಗೊತ್ತು,” ಎಂದಳು ಲಕ್ಷ್ಮಮ್ಮ. “ಆವತ್ತು ಕೊನೇಲಿ ಒದ್ದೋರು ನೀವೆ.”

ಅವನು ತಲೆಯಾಡಿಸಿದ. “ಅದೇ ಅಕ್ಕಾ. ಆಮೇಲೆ ಎ ಡಿವಿಜನ್ ತನಕ ಆಡಿದೀನಿ, ಎಷ್ಟೋ ಗೋಲ್ ಹೊಡ್ದಿದೀನಿ. ನಮ್ಮ ಏರಿಯಾದಲ್ಲಿ ಇವತ್ತಿಗೂ ಕೇಳೋದು ಅದೊಂದೇ. ಅಣ್ಣ ಎಲ್ಲಿ ಸಿಕ್ಕಿದ್ರೂ ಟೀ ಕುಡಿಸ್ದೆ ಬಿಡ್ತಿರಲಿಲ್ಲ. ‘ನಿನ್ನಿಂದ ನಾನು ದೊಡ್ಡೋನಾದೆ’ ಅನ್ನೋರು.”

ಚಟ್ಟ ಎತ್ತುವ ಹೊತ್ತಾಯಿತು. ಹೆಗಲು ಕೊಡುವುದು ದಾಯಾದಿಗಳ ಹಕ್ಕು. ನಲ್ಲಪ್ಪ ವೆಂಕಟೇಶಪ್ಪನ ಮುಂದೆ ಕೈಕಟ್ಟಿ ನಿಂತ. “ಅಣ್ಣಾ, ಸ್ವಲ್ಪ ದೂರ ನಮಗೂ ಬಿಟ್ಕೊಡಿ.”

ವೆಂಕಟೇಶಪ್ಪ ಅವರೆಲ್ಲರ ಮುಖ ಒಂದೊಂದಾಗಿ ನೋಡಿದ. ಶಿಲುಬೆಯ ಮನುಷ್ಯನ ಮೇಲೆ ಅವನ ಕಣ್ಣು ಒಂದಿಷ್ಟು ಹೆಚ್ಚು ಹೊತ್ತು ನಿಂತಿತು. “ಮುಂದ್ಗಡೆ ನಾವು,” ಎಂದ. “ಇಂದ್ಗಡೆ ನೀವು. ಅವರ್ನೂ ಸೇರ್ಸ್ಕೊಳಿ.”

ಲಕ್ಷ್ಮಮ್ಮ ಬೀದಿಯ ತಿರುವಿನವರೆಗೆ ಹೋದಳು. ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಟೀ ಅಂಗಡಿಯ ಮುಂದೆ ಗ್ಲಾಸು ಹಿಡಿದಿದ್ದ ಕಾರ್ಖಾನೆಯ ಆಳುಗಳು ಎದ್ದು ನಿಂತರು. “ಯಾರು ಗುರು?” ಎಂದು ಒಬ್ಬ ಕೇಳಿದ. “ಗೋಲ್‌ಕೀಪರ್ ಆಂಜಿನಪ್ಪ,” ಎಂದ ಇನ್ನೊಬ್ಬ. ಅವನು ಪ್ರೆಸ್ ಆಪರೇಟರ್ ಎಂದು ಹೇಳಲಿಲ್ಲ. ಅದು ಅವಳ ಕಿವಿಗೆ ಬಿತ್ತು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

* * *

ಆಂಜಿನಪ್ಪ ಮತ್ತೆ ಗೋಲಿಗೆ ಬಂದ ಮೇಲೆ ಟೀಮು ಗೆಲ್ಲುತ್ತ ಬಂದಿತ್ತು. ಚೆಂಡಿನ ವರ್ಷದ ಕೊನೆಯ ಮ್ಯಾಚಿಗೆ ಊರೇ ಹೊರಟಿತ್ತು. ಗೆದ್ದರೆ ಬಿ ಡಿವಿಜನ್ನಿಗೆ ಏರುವುದು, ಇಲ್ಲದಿದ್ದರೆ ಇದ್ದಲ್ಲೇ ಇರುವುದು. ಇಟ್ಟಿಗೆ ಸಾಗಿಸುವ ಲಾರಿಯಲ್ಲಿ ಗಂಡಸರು ಹೆಂಗಸರು ಎಲ್ಲ ನಿಂತುಕೊಂಡು ಆಸ್ಟಿನ್ ಟೌನ್ ಮೈದಾನಕ್ಕೆ ಹೋದರು. ವೆಂಕಟೇಶಪ್ಪ ಮಾತ್ರ “ನಂಗೆ ಕಳೆ ಕೆಲ್ಸ ಐತೆ” ಎಂದು ಮಾರದೆ ಉಳಿದಿದ್ದ ತುಂಡು ಹೊಲದ ಕಡೆ ನಡೆದ.

ಲಕ್ಷ್ಮಮ್ಮನಿಗೆ ಆಟದ ಲೆಕ್ಕಾಚಾರ ಪೂರ್ತಿ ತಿಳಿಯುತ್ತಿರಲಿಲ್ಲ. ಚೆಂಡು ಗಂಡನನ್ನು ದಾಟಬಾರದು ಎನ್ನುವುದು ತಿಳಿದಿತ್ತು, ಅಷ್ಟು ಸಾಕಾಗಿತ್ತು. ಗೋಲಿನ ಹಿಂದೆ ಕೆಸರಿನಲ್ಲಿ ನಿಂತಳು. ಮೊದಲರ್ಧದಲ್ಲೇ ನಲ್ಲಪ್ಪ ಒಂದು ಗೋಲು ಹೊಡೆದ. ಆಮೇಲೆ ಆಸ್ಟಿನ್ ಟೌನಿನವರು ಮುಗಿಬಿದ್ದರು. ಆಂಜಿನಪ್ಪ ಗುದ್ದಿದ, ಅವಚಿದ, ಉರುಳಿದ. ಅವನ ಅಂಗಿಯ ಬಣ್ಣ ಯಾವುದೆಂದು ತಿಳಿಯದಷ್ಟು ಕೆಸರು. “ಡೇಯ್, ಅವನ ಕೈ ನೋಡ್ರಾ!” ಎಂದು ಜನ ಕೂಗುತ್ತಿದ್ದರು. ಮೊದಲು ಅದು ಗೇಲಿ. ಆಟ ಮುಗಿಯುತ್ತ ಬಂದಂತೆ ಆ ಕೂಗಿನ ದನಿ ಬದಲಾಯಿತು.

ಕೊನೆಯಲ್ಲಿ ಪಾಪಯ್ಯ ಗೋಲಿನ ಹತ್ತಿರವೇ ಒಬ್ಬನನ್ನು ಕೆಡವಿದ. ರೆಫರಿ ಪೆನಾಲ್ಟಿ ಕೊಟ್ಟ. ಅರುಳಪ್ಪ ಚೆಂಡು ಇಟ್ಟು ಹಿಂದಕ್ಕೆ ಸರಿದ. ಎದುರಿಗೆ ಆಂಜಿನಪ್ಪ ಒಬ್ಬನೇ. ಅರುಳಪ್ಪ ಒದೆಯುವ ಮುಂಚೆ ಅವನು ಹಿಂತಿರುಗಿ ಹೆಂಡತಿಯನ್ನು ನೋಡಿದ. ಲಕ್ಷ್ಮಮ್ಮ ಗದ್ದ ಎತ್ತಿ, ‘ಹೂಂ’ ಎನ್ನುವಂತೆ ಸನ್ನೆ ಮಾಡಿದಳು. ಆಮೇಲೆ ಕಣ್ಣು ಮುಚ್ಚಿಬಿಟ್ಟಳು.

ಅವಳು ಕೇಳಿದ್ದು ಒದ್ದ ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು, ಆಮೇಲೆ ಇಡೀ ಮೈದಾನದ ಬೊಬ್ಬೆ. ಕಣ್ಣು ಬಿಟ್ಟಾಗ ಗಂಡ ಜನರ ಹೆಗಲ ಮೇಲಿದ್ದ.

ನಡೆದದ್ದೇನೆಂದು ಅವನೇ ಲಾರಿಯಲ್ಲಿ ಎಲ್ಲರಿಗೂ ನಗುತ್ತ ಹೇಳಿದ. ಅವನು ಬಲಕ್ಕೆ ಬಿದ್ದಿದ್ದ, ಚೆಂಡು ಎಡಕ್ಕೆ ಬಂದಿತ್ತು. ಹಿಂದೆ ಉಳಿದಿದ್ದ ಕಾಲಿಗೆ ಬಡಿದು ಕಂಬದ ಮೇಲಿಂದ ಹಾರಿಹೋಗಿತ್ತು. “ಕೈ ಅಲ್ಲ ಕಣೇ, ಮೊಣಕಾಲು! ಇಷ್ಟು ದಿನ ನೀನು ಕೈಗೆ ಕಲಿಸ್ದೆ, ಕೊನೇಗೆ ತಡೆದಿದ್ದು ಮೊಣಕಾಲು!” ಯಶವಂತಪುರ ದಾಟುವ ಹೊತ್ತಿಗೆ ಲಾರಿಯಲ್ಲಿ ಯಾರೋ ತಮಟೆ ಬಡಿಯತೊಡಗಿದ್ದರು.

ಮಾರನೆಯ ವರ್ಷ ಬಿ ಡಿವಿಜನ್ನಿನಲ್ಲಿ ಚೆನ್ನಾಗಿ ಪೆಟ್ಟು ತಿಂದು ಮತ್ತೆ ಕೆಳಗಿಳಿದರು. ಅದನ್ನು ಊರಿನಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಆ ಮ್ಯಾಚಿನ ಮರುದಿನ ಆಂಜಿನಪ್ಪ ಕಾರ್ಖಾನೆಯ ಆಫೀಸಿಗೆ ಹೋಗಿ, ಸ್ಟೂಲು ಬೇಡ, ನನ್ನ ಪ್ರೆಸ್ಸಿನ ಮುಂದೆಯೇ ನಿಲ್ಲುತ್ತೇನೆ, ಮೊದಲು ಅದಕ್ಕೆ ಕೈ ಹೋಗದ ಹಾಗೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿ ಎಂದ. ನಿನ್ನೆಯವರೆಗೆ ತಲೆ ತಗ್ಗಿಸಿ ನಡೆಯುತ್ತಿದ್ದವನ ಹಿಂದೆ ಆವತ್ತು ಪಾಳಿಯ ಆಳುಗಳೆಲ್ಲ ಬಂದು ನಿಂತಿದ್ದರು. ಅಡ್ಡಪಟ್ಟಿ ಹಾಕುವವರೆಗೆ ಯಾರೂ ಪೆಡಲು ಒತ್ತಲಿಲ್ಲ. ಅಲ್ಲಿಂದೀಚೆ ಆ ಶೆಡ್ಡಿನಲ್ಲಿ ಯಾರ ಬೆರಳೂ ಹೋಗಿಲ್ಲ.

* * *

ಮಣ್ಣು ಮಾಡಿ, ಬಾವಿಯ ಹತ್ತಿರ ಮಿಂದು, ಗಂಡಸರು ಒಬ್ಬೊಬ್ಬರಾಗಿ ಬಂದು ದೀಪ ನೋಡಿದರು. ಆಂಜಿನಪ್ಪನನ್ನು ಮಲಗಿಸಿದ್ದ ಜಾಗವನ್ನು ಸಾರಿಸಿ, ಲಕ್ಷ್ಮಮ್ಮ ಹಣತೆ ಹಚ್ಚಿಟ್ಟಿದ್ದಳು. ದೀಪ ನೋಡಿದವರು ಹೊರಡಬೇಕು, ಯಾರೂ ಹೊರಡಲಿಲ್ಲ. ಜಗಲಿಯಲ್ಲಿ, ಅಂಗಳದ ಚಪ್ಪಡಿಯ ಮೇಲೆ ಕೂತುಕೊಂಡರು.

“ಅದೇನಪ್ಪ ಅದು ಪೆನಾಲ್ಟಿ ಅಂದ್ರೆ?” ಎಂದು ಮರಿಯಮ್ಮತ್ತೆ ಕೇಳಿದಳು. “ಎಲ್ರೂ ಅದ್ನೇ ಯೋಳ್ತಾವ್ರೆ.”

ನಲ್ಲಪ್ಪ ಉತ್ತರ ಕೊಡುವ ಮೊದಲೇ ವೆಂಕಟೇಶಪ್ಪ ಎದ್ದು ನಿಂತ.

“ನಾನ್ ಯೋಳ್ತೀನಿ ಕೇಳತ್ತೆ. ಗೋಲಲ್ಲಿ ನಮ್ಮ ಆಂಜಿನಿ ಒಬ್ನೆ. ಯಾರೂ ಅಡ್ಡ ಬರಂಗಿಲ್ಲ. ಈ ಯಪ್ಪ ಒದ್ದ ನೋಡು, ಬಂದೂಕ್ನಿಂದ ಗುಂಡು ಬಂದಂಗೆ ಬಂತು ಚೆಂಡು. ನಮ್ಮ ಆಂಜಿನಿ ಕಣ್ಣು ಮಿಟುಕಿಸ್ಲಿಲ್ಲ. ಗಾಳೀಲೇ ಆರಿ, ಎರಡೂ ಕೈಲಿ ಗಪ್ಪಂತ ಇಡ್ಕೊಂಬುಟ್ಟ. ಬೆರಳಿದ್ದೋರ್ಗೇ ಆಗಲ್ಲ ಅದು!”

ಪಾಪಯ್ಯ ತಲೆ ಎತ್ತಿದ. “ಅಣ್ಣಾ, ಅದು ಮೊಣ—” ಎಂದು ಶುರು ಮಾಡಿದ. ಅರುಳಪ್ಪ ಅವನ ತೊಡೆಯ ಮೇಲೆ ಕೈಯಿಟ್ಟು ಒತ್ತಿದ.

“ಅಲ್ವೇನಪ್ಪ?” ವೆಂಕಟೇಶಪ್ಪ ಅರುಳಪ್ಪನತ್ತಲೇ ತಿರುಗಿದ. ಕಣ್ಣು ಕೆಂಪಾಗಿದ್ದವು. “ನೀನೇ ಒದ್ದೋನು. ನೀನೇ ಯೋಳು.”

“ಹಂಗೇ ಅಣ್ಣಾ,” ಎಂದ ಅರುಳಪ್ಪ. “ಹಂಗೇ ಆಗಿದ್ದು.”

“ಎರಡೂ ಕೈಲಿ?”

“ಎರಡೂ ಕೈಲಿ.”

“ಎತ್ಲಾಗೆ ಆರಿದ, ತೋರ್ಸು ಮತ್ತೆ,” ಎಂದಳು ಮರಿಯಮ್ಮತ್ತೆ.

ಬಾಗಿಲ ಚೌಕಟ್ಟಿಗೆ ಒರಗಿ ಲಕ್ಷ್ಮಮ್ಮ ನೋಡುತ್ತಿದ್ದಳು. ವೆಂಕಟೇಶಪ್ಪ ನೀರು ತೊಟ್ಟಿಕ್ಕುವ ಪಂಚೆಯನ್ನು ಎತ್ತಿ ಕಟ್ಟಿಕೊಂಡು, ನರೆತ ತಲೆಯನ್ನು ಹಿಂದಕ್ಕೊಗೆದು, ಎರಡೂ ಕೈ ಮುಂದಕ್ಕೆ ಚಾಚಿ, ಊರಿನ ಗಂಡಸರೆಲ್ಲ ನೋಡುತ್ತಿದ್ದಂತೆ ಅಂಗಳದ ನಡುವೆ ಬಲಕ್ಕೆ ನೆಗೆದ.